ಕುಮಟಾದಲ್ಲಿ ಕೂತು ಅಮೆರಿಕದ ಕೆಲಸ ಬದಲಿಸಿದ್ದು

2023ರ ಮೇ 16. ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದು ಮೂರು ದಿನ ಆಗಿತ್ತು. ಮುಖ್ಯಮಂತ್ರಿ ಯಾರು ಅಂತ ಇನ್ನೂ ಗೊತ್ತಾಗಿರಲಿಲ್ಲ. ಜಗಲಿಯಲ್ಲಿ ಅಪ್ಪ ಮತ್ತು ಪಕ್ಕದ ಮನೆಯ ಮಾವ ಅದೇ ವಿಷಯಕ್ಕೆ ಜೋರು ಜೋರು ಮಾತಾಡುತ್ತಿದ್ದರು. ರಾತ್ರಿ ಎಂಟು ಗಂಟೆಗೆ ನನ್ನ ಮ್ಯಾನೇಜರ್ ಫೋನ್ ಬಂತು. ಗದ್ದಲ ತಪ್ಪಿಸಿಕೊಂಡು ಹಿತ್ತಿಲ ಬಾವಿಕಟ್ಟೆಗೆ ಹೋದೆ.

ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತು. ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದ್ದಾನೆ. ಬೇರೆ ಪ್ರಾಜೆಕ್ಟ್ ಸಿಗುವವರೆಗೆ ನೀನು ಊರಲ್ಲೇ ಇರು. ಸಂಬಳ ಇರುವುದಿಲ್ಲ. ಕೆಲಸದಿಂದ ತೆಗೆದಿಲ್ಲ, ಹಾಗಂತ ತಿಳಿದುಕೊಳ್ಳಬೇಡ.

ಕೆಲಸವೂ ಇಲ್ಲ, ಸಂಬಳವೂ ಇಲ್ಲ, ಆದರೆ ತೆಗೆದಿಲ್ಲ! ಜಗಲಿಗೆ ವಾಪಸು ಬಂದಾಗ ಅಪ್ಪ, "ಎಂತ ಆಯ್ತು ತಮಾ?" ಎಂದರು. "ಏನಿಲ್ಲ, ರಜೆ ಸ್ವಲ್ಪ ಜಾಸ್ತಿ ಆಯ್ತು" ಎಂದೆ.

ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮೂರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ನಾನು 2012ರಲ್ಲಿ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಎಲ್ಲರ ಹಾಗೆ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರಿಗೆ ಬಿದ್ದವನು. 2019ರ ಅಕ್ಟೋಬರಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಟೆಕ್ಸಾಸಿನ ಪ್ಲೇನೋಗೆ ಹೋದೆ. ಕರೆಸಿಕೊಂಡದ್ದು ಒಂದು ಕನ್ಸಲ್ಟೆನ್ಸಿ. ಹೆಸರು ಬೇಡ. ಮೂರು ವರ್ಷದ ಅವಧಿ ಮುಗಿದ ಮೇಲೆ 2022ರಲ್ಲಿ ಅವರೇ ವಿಸ್ತರಣೆ ಮಾಡಿಸಿದರು. 2025ರ ಸೆಪ್ಟೆಂಬರ್ ತನಕ ಆಯಿತು. 2023ರ ಏಪ್ರಿಲ್‌ನಲ್ಲಿ ತಂಗಿಯ ಮದುವೆಗೆ ಊರಿಗೆ ಬಂದೆ. ಬಂದವನು ಸಂದರ್ಶನ ಇಲ್ಲದ ಡ್ರಾಪ್‌ಬಾಕ್ಸ್‌ನಲ್ಲಿ ಪಾಸ್‌ಪೋರ್ಟ್ ಕೊಟ್ಟು ವೀಸಾದ ಸ್ಟಾಂಪಿಂಗ್ ಕೂಡ ಮಾಡಿಸಿಕೊಂಡೆ. ಹೊಸ ಸ್ಟಾಂಪ್, 2025ರ ಸೆಪ್ಟೆಂಬರ್ ತನಕ. ಮದುವೆ ಆಯಿತು, ಹೋಳಿಗೆ ಊಟ ಆಯಿತು. ಮೇ ಮೊದಲ ಹದಿನೈದು ದಿನ ಇಲ್ಲಿಂದಲೇ ಕೆಲಸ ಮಾಡುತ್ತಿದ್ದೆ. ಆಗ ಈ ಫೋನ್.

ಮೊದಲ ವಾರ ಸಿಕ್ಕಿದವರನ್ನೆಲ್ಲ ಕೇಳಿದೆ. ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ, "60 ದಿನ ಇದೆ, ಅಷ್ಟರೊಳಗೆ ಹುಡುಕು" ಎಂದ. ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ 15ಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ. ಇನ್ನೊಬ್ಬ, "ನಿನ್ನ ವೀಸಾ ಹೋಯ್ತು, ಮತ್ತೆ ಲಾಟರಿಯೇ ಗತಿ" ಎಂದ. ಅರ್ಜಿಗಳು ಮಿತಿ ಮೀರುವುದರಿಂದ ಹೊಸಬರನ್ನು ಆರಿಸುವುದು ಲಾಟರಿ ಎತ್ತಿ. ಪ್ಲೇನೋದ ನನ್ನ ರೂಮ್‌ಮೇಟ್ ಧಾರವಾಡದವನು. ಅವನದು ಇನ್ನೂ ಸುಲಭದ ದಾರಿ. "ಸ್ಟಾಂಪ್ ಐತಲ್ಲ, ಹಳೇ ಪೇಪರ್ ತೋರಿಸಿ ಸುಮ್ನ ಒಳಗ ಬಂದ್ಬಿಡು. ಇಲ್ಲಿ ಬಂದ್ ಮ್ಯಾಲೆ ಟ್ರಾನ್ಸ್‌ಫರ್ ಮಾಡಿಸ್ಕೋ."

ಈ ಕೊನೆಯ ಮಾತು ಮೂರು ರಾತ್ರಿ ತಲೆಯಲ್ಲಿ ಸುತ್ತಿತು. ಸುಳ್ಳೇಕೆ, ಟಿಕೆಟ್ ದರ ಕೂಡ ನೋಡಿದ್ದೆ. ಆಮೇಲೆ 200 ಡಾಲರ್ ಕೊಟ್ಟು ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಮಾತಾಡಿದೆ. ಈ ಇಡೀ ವ್ಯವಹಾರದಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಸಾರ್ಥಕ ಆದದ್ದು ಅದೇ. ಮೂರಕ್ಕೂ ಉತ್ತರ ಸಿಕ್ಕಿತು.

60 ದಿನದ ಲೆಕ್ಕ ಅಮೆರಿಕದ ಒಳಗೆ ಇದ್ದು ಕೆಲಸ ಕಳೆದುಕೊಂಡವರಿಗೆ. 2017ರ ಜನವರಿಯಿಂದ ಆ ನಿಯಮ ಇದೆ. ಹೊರಗಿದ್ದವನಿಗೆ ಆ ಗಡಿಯಾರವೇ ಇಲ್ಲ. ಲಾಟರಿಯೂ ಬೇಡ. ವರ್ಷಕ್ಕೆ 65,000 ಹೊಸ ವೀಸಾ, ಅಲ್ಲಿಯ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000 ಎಂಬ ಮಿತಿಯಲ್ಲಿ ನನ್ನ ತಲೆ ಒಮ್ಮೆ ಎಣಿಸಿ ಆಗಿದೆ. ಈ ವೀಸಾಕ್ಕೆ ಒಟ್ಟು ಆರು ವರ್ಷ, ಅದರಲ್ಲಿ ಉಳಿದದ್ದು ನನ್ನದೇ. ಕಂಪನಿ ಬದಲಾದರೆ ಆರು ವರ್ಷ ಮತ್ತೆ ಒಂದರಿಂದ ಶುರುವಾಗುವುದಿಲ್ಲ, ಅದು ಬೇರೆ ಮಾತು. ಮೂರನೆಯದಕ್ಕೆ ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಂಪನಿಯಲ್ಲಿ ನಿನಗೆ ಕೆಲಸ ಇದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಆ ಕಾಗದ ತೋರಿಸಿ ಒಳಗೆ ಬರಬೇಡ. ಅಧಿಕಾರಿ ಕೇಳಿದರೆ ಏನು ಹೇಳುತ್ತೀಯ?"

ಟಿಕೆಟ್ ನೋಡುವುದು ಅಲ್ಲಿಗೆ ನಿಂತಿತು.

ಎಲ್ಲರೂ "ಎಚ್-1ಬಿ ಟ್ರಾನ್ಸ್‌ಫರ್" ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಬ್ಯಾಂಕಿನ ಖಾತೆ ಹೊನ್ನಾವರದಿಂದ ಕುಮಟಾಕ್ಕೆ ಬಂದ ಹಾಗೆ ಏನೋ ಅಲ್ಲಿಂದ ಇಲ್ಲಿಗೆ ಬರುತ್ತದೆ ಅಂದುಕೊಂಡಿದ್ದೆ. ಏನೂ ಬರುವುದಿಲ್ಲ. ಹೊಸ ಕಂಪನಿ ಮೊದಲಿನಿಂದ ಹೊಸ ಅರ್ಜಿ ಹಾಕಬೇಕು. ಐ-129 ಅಂತ ಆ ಫಾರಂ. ಅದಕ್ಕೂ ಮುಂಚೆ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಮಂಜೂರಾಗಬೇಕು. ಈ ಊರಲ್ಲಿ, ಈ ಕೆಲಸಕ್ಕೆ, ಇಷ್ಟು ಸಂಬಳ ಕೊಡುತ್ತೇವೆ ಅಂತ ಕಂಪನಿ ಬರೆದುಕೊಡುವ ಕಾಗದ ಅದು. ಹಳೆ ಕಂಪನಿಯ ಒಪ್ಪಿಗೆ ಬೇಡ, ಅವರಿಗೆ ಹೇಳಬೇಕೆಂದೂ ಇಲ್ಲ. ಗಲ್ಫಿನಲ್ಲಿ ದುಡಿಯುವ ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ. ಎನ್‌ಒಸಿಗಾಗಿ ಅರಬ್ಬಿಯ ಬಾಗಿಲು ಕಾದ ಕಥೆ ಅವರ ಹತ್ತಿರ ಬೇಕಾದಷ್ಟಿವೆ.

ಅಮೆರಿಕದ ಒಳಗೇ ಇದ್ದವರಿಗೆ ಇನ್ನೂ ಒಂದು ಸೌಲಭ್ಯ ಇದೆ. 2000ದ ಒಂದು ಕಾಯ್ದೆಯ ಪ್ರಕಾರ, ಹೊಸ ಕಂಪನಿಯ ಅರ್ಜಿ ಸಲ್ಲಿಕೆ ಆದ ಕೂಡಲೇ ಹೊಸ ಕೆಲಸಕ್ಕೆ ಹಾಜರಾಗಬಹುದು. ಮಂಜೂರಾತಿ ಆಮೇಲೆ ಬರಲಿ. ಸಾಮಾನ್ಯವಾಗಿ ರಶೀದಿ ಬಂದ ಮೇಲೆ ಸೇರಿಕೊಳ್ಳುತ್ತಾರೆ. ಬಾವಿಕಟ್ಟೆಯ ಮೇಲೆ ಕೂತ ನನಗೆ ಅದಿರಲಿಲ್ಲ. ಪೂರ್ತಿ ಮಂಜೂರಾಗಿ, ಐ-797 ಎಂಬ ಮಂಜೂರಾತಿ ಕಾಗದ ಬಂದ ಮೇಲೆಯೇ ವಿಮಾನ.

ಇಂಟರ್ವ್ಯೂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಯ ಬೆಳಿಗ್ಗೆ ಹನ್ನೊಂದು ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬಾವಿಕಟ್ಟೆಯಲ್ಲಿ ಮಾತ್ರ, ಅದೂ ಮಾತಿಗಾದರೆ ಸಾಕು, ವಿಡಿಯೋಗೆ ಸಾಲದು. ದಿನಾ ಸಂಜೆ ಬೈಕ್ ಹತ್ತಿ ಕುಮಟಾ ಪೇಟೆಯ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಗಿಬ್ ಸರ್ಕಲ್ ಹತ್ತಿರ. ಚಿಕ್ಕಮ್ಮ ಟಿವಿ ಬಂದ್ ಮಾಡಿ, ಧಾರಾವಾಹಿ ಬಿಟ್ಟು, ಒಳಗೆ ಸದ್ದಿಲ್ಲದೆ ಕೂತಿರುತ್ತಿದ್ದರು. ಮುಗಿದ ಕೂಡಲೇ ಬಾಗಿಲು ತೆಗೆದು, "ಪಾಸಾ?" ಎನ್ನುವರು. ನಾನು ಭಾರತದಲ್ಲಿದ್ದೇನೆ ಎಂದು ಮೊದಲ ಮಾತಿನಲ್ಲೇ ಹೇಳುತ್ತಿದ್ದೆ. ಹಾಗೆ ಹೇಳಿದ್ದಕ್ಕೆ ಎರಡು ಕಂಪನಿಯವರು ಮರುದಿನದಿಂದ ಮಾತೇ ನಿಲ್ಲಿಸಿದರು. ಮೂರನೆಯದು ಒಂದು ವಿಮಾ ಕಂಪನಿ. ಡೇಟಾ ಇಂಜಿನಿಯರ್ ಕೆಲಸ, ಕ್ಲೈಂಟು ಗಿಯಂಟು ಇಲ್ಲ, ಅವರದೇ ಆಫೀಸು. ಜೂನ್ 2ಕ್ಕೆ ಆಫರ್ ಬಂತು. ಚಿಕ್ಕಮ್ಮ ಧಾರಾವಾಹಿ ಹಾಕಿಕೊಂಡರು.

ಜೂನ್ 5ಕ್ಕೆ ಎಲ್‌ಸಿಎ ಹಾಕಿದರು. ಅದಕ್ಕೆ ಏಳು ಕೆಲಸದ ದಿನ ಬೇಕು, ಅದು ಯಾರಿಗೂ ಬದಲಾಗುವುದಿಲ್ಲ. ಆ ಏಳು ದಿನದಲ್ಲಿ ಹೊಸ ಕಂಪನಿಯ ವಕೀಲರು ಕಾಗದಪತ್ರದ ಪಟ್ಟಿ ಕಳಿಸಿದರು. ಅಲ್ಲಿಂದ ನನ್ನ ನಿಜವಾದ ಕೆಲಸ ಶುರು.

ಪಾಸ್‌ಪೋರ್ಟಿನ ಎಲ್ಲ ಪುಟ. ಹಿಂದಿನ ಎಲ್ಲ ಐ-797. ಐ-94, ಅಂದರೆ ಅಲ್ಲಿ ಯಾವತ್ತಿನ ತನಕ ಇರಬಹುದು ಎಂಬ ಪ್ರವೇಶ ದಾಖಲೆ. ಕೊನೆಯ ಆರು ತಿಂಗಳ ಪೇ ಸ್ಟಬ್, ಅಂದರೆ ಸಂಬಳದ ಚೀಟಿ. ಮೂರು ವರ್ಷದ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ತೆರಿಗೆಯ ಲೆಕ್ಕ. ಡಿಗ್ರಿ ಸರ್ಟಿಫಿಕೇಟು, ಎಂಟೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು. ಈವರೆಗೆ ಕೆಲಸ ಮಾಡಿದ ಎಲ್ಲ ಕಂಪನಿಗಳ ಅನುಭವ ಪತ್ರ.

ಪೇ ಸ್ಟಬ್‌ಗಳು ಹಳೆ ಕಂಪನಿಯ ಪೋರ್ಟಲ್‌ನಲ್ಲಿದ್ದವು. ನನ್ನ ಪುಣ್ಯ, ಲಾಗಿನ್ ಇನ್ನೂ ತೆಗೆದಿರಲಿಲ್ಲ. ಒಂದೇ ರಾತ್ರಿ ಕೂತು ಎಲ್ಲ ಇಳಿಸಿಕೊಂಡೆ. ಐದನೇ ದಿನ ಲಾಗಿನ್ ಹೋಯಿತು. ಇದನ್ನು ಓದುವವರು ಯಾರಾದರೂ ಆ ವೀಸಾದಲ್ಲಿದ್ದರೆ, ಈ ವಾಕ್ಯ ಮುಗಿಸಿ ನಿಮ್ಮ ಪೇ ಸ್ಟಬ್ ಇಳಿಸಿಕೊಳ್ಳಿ. ಉಳಿದದ್ದು ಆಮೇಲೆ ಓದಬಹುದು.

ಡಿಗ್ರಿ ಕಾಗದಗಳು ಆಯಿಯ, ಅಂದರೆ ಅಮ್ಮನ, ಟ್ರಂಕಿನಲ್ಲಿದ್ದವು. ಮಂಚದ ಕೆಳಗಿನ ತಗಡಿನ ಟ್ರಂಕು. ಮೇಲೆ ಆಯಿಯ ಮದುವೆ ಸೀರೆ, ಅದರ ಕೆಳಗೆ ದಪ್ಪ ಪ್ಲಾಸ್ಟಿಕ್ ಕವರು, ಕವರಿನ ಒಳಗೂ ಹೊರಗೂ ಡಾಂಬರ್ ಗುಳಿಗೆ. ನಮ್ಮ ಮಳೆಗಾಲದಲ್ಲಿ ಕಾಗದ ಉಳಿಯಬೇಕಾದರೆ ಅಷ್ಟು ಬೇಕು. ಕವರು ಬಿಚ್ಚಿದರೆ ಮೂಗಿಗೆ ಹೊಡೆಯುವ ವಾಸನೆ. ಬೆಳಗಾವಿಯ ವಿಶ್ವವಿದ್ಯಾಲಯದ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡುಗಳು, ನಾನು ಮರೆತೇಬಿಟ್ಟಿದ್ದ ಬೆಂಗಳೂರಿನ ಕಂಪನಿಯ ಆಫರ್ ಲೆಟರು, ಆರು ವರ್ಷದ ಫಾರಂ 16. ಊರಿಗೆ ಬಂದಾಗಲೆಲ್ಲ ನಾನು ಬ್ಯಾಗಿನಿಂದ ತೆಗೆದು ಎಸೆದದ್ದನ್ನು ಆಯಿ ಒಂದೊಂದಾಗಿ ಎತ್ತಿಟ್ಟಿದ್ದಳು. ಓದಲು ಬರುವುದಿಲ್ಲ ಅವಳಿಗೆ. "ಮೊಹರು ಇತ್ತಲ್ಲ, ಅದಕ್ಕೆ ಇಟ್ಟೆ" ಎಂದಳು.

ಅದೇ ಕವರಿನ ತಳದಲ್ಲಿ ಇನ್ನೊಂದು ಕಾಗದ ಇತ್ತು. ಮಡಿಕೆಯಲ್ಲಿ ಹರಿದು, ಹಿಂದಿನಿಂದ ಅಂಟಿಸಿದ್ದು. ಅಜ್ಜನ ಏಳನೇ ನಂಬರ್ ಫಾರಂ.

ನಮ್ಮ ಜಿಲ್ಲೆಯವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. 1974ರ ಮಾರ್ಚ್ 1ಕ್ಕೆ ಭೂ ಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿ ಗದ್ದೆ ಉಳುವವನದಾಯಿತು. ಆದರೆ ಉಳುತ್ತಿದ್ದವನು ನಾನೇ ಅಂತ ಅರ್ಜಿ ಹಾಕಬೇಕು, ಭೂ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು, ರುಜುವಾತು ಕೊಡಬೇಕು. ಅಜ್ಜನಿಗಿದ್ದದ್ದು ಹೊಳೆ ಬದಿಯ ಗಜನಿಯಲ್ಲಿ ಸ್ವಲ್ಪ ಗದ್ದೆ. ವರ್ಷಾ ವರ್ಷಾ ಗೇಣಿ ಅಕ್ಕಿ ಅಳೆದು ಕೊಟ್ಟಿದ್ದ. ಒಡೆಯರು ರಶೀದಿ ಕೊಟ್ಟದ್ದು ಎರಡೇ ಸಲ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಿನ್ನದೂ ಗೇಣಿಯೇ ಅಲ್ವಾ ತಮಾ" ಎಂದರು. "ಒಡೆಯ ಚೀಟಿ ಕೊಟ್ಟರೆ ಉಳೂದು. ಇಲ್ಲದಿದ್ದರೆ ದಂಡೆ ಮೇಲೆ ನಿಲ್ಲೂದು."

ಹಾಗಲ್ಲ ಅಪ್ಪ, ನಾವು ಒಡೆಯನನ್ನು ಬದಲಿಸಬಹುದು ಎಂದೆ. "ಅದಕ್ಕೂ ಹೊಸ ಒಡೆಯನೇ ಅರ್ಜಿ ಹಾಕಬೇಕಲ್ಲ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐ-129ರಲ್ಲಿ ಅರ್ಜಿದಾರ ಕಂಪನಿ. ನಾನು ಫಲಾನುಭವಿ.

ಆ ವರ್ಷ ಮಳೆಯೂ ತಡ. ಕೇರಳಕ್ಕೆ ಮುಂಗಾರು ಬಂದದ್ದೇ ಜೂನ್ 8ಕ್ಕೆ. ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಕೂತಿತ್ತು. ಸಮುದ್ರ ಕುದಿಯುತ್ತಿತ್ತು, ಗದ್ದೆ ಮಾತ್ರ ಒಣ. ಗಜನಿಯ ಕತೆ ನಿಮಗೆ ಗೊತ್ತಿರಬಹುದು. ಭರತದ ನೀರು ನುಗ್ಗುವ ಜಾಗ ಅದು. ಮಳೆ ಬಂದು ಉಪ್ಪು ತೊಳೆದು ಹೋಗದೆ ಕಗ್ಗ ಭತ್ತ ಬಿತ್ತುವ ಹಾಗಿಲ್ಲ. ಅಪ್ಪ ದಿನಾ ಕಟ್ಟೆಯ ಮೇಲೆ ಹೋಗಿ, ಮಣ್ಣು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿ ಬರುತ್ತಿದ್ದರು. ನಾನು ಮೊಬೈಲ್ ನೋಡುತ್ತಿದ್ದೆ.

ಜೂನ್ 20ಕ್ಕೆ ಅರ್ಜಿ ಹೋಯಿತು. ಪ್ರೀಮಿಯಂ ಪ್ರೊಸೆಸಿಂಗ್. ಆಗ ಅದಕ್ಕೆ 2,500 ಡಾಲರ್, 15 ದಿನದಲ್ಲಿ ಏನಾದರೂ ಒಂದು ಹೇಳುತ್ತಾರೆ. ಈಗ ದುಡ್ಡೂ ಜಾಸ್ತಿ, 15 ದಿನ ಅಂದರೆ ಕೆಲಸದ ದಿನ ಅಂತ ಅರ್ಥವೂ ಬದಲಾಗಿದೆ. ಇದರ ಮೇಲೆ ಅರ್ಜಿಗೆ 460, ವಂಚನೆ ತಡೆಯ ಶುಲ್ಕ 500, ತರಬೇತಿ ಶುಲ್ಕ 1,500. ವಕೀಲರ ಫೀಸು ಬೇರೆ. ಎಲ್ಲ ಹೊಸ ಕಂಪನಿಯೇ ಕೊಟ್ಟಿತು. ಅರ್ಜಿಯ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟುವ ಹಾಗಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. 2019ರಲ್ಲಿ ನನ್ನಿಂದ ವಸೂಲು ಮಾಡಿದ್ದರು, ಕನ್ಸಲ್ಟೆನ್ಸಿಯವರು. ನಾನೂ ಕೈ ಮುಗಿದು ಕೊಟ್ಟಿದ್ದೆ.

ರಶೀದಿ ನಂಬರ್ ಬಂತು. ಮೂರು ಅಕ್ಷರ, ಹತ್ತು ಅಂಕಿ. ಅದನ್ನು ವೆಬ್‌ಸೈಟಿನಲ್ಲಿ ಹಾಕಿ ನೋಡುವುದು ಒಂದು ಚಟವಾಯಿತು. ನಮ್ಮ ಹಗಲು ಅವರ ರಾತ್ರಿ, ಆಫೀಸಿನಲ್ಲಿ ಯಾರೂ ಇರುವುದಿಲ್ಲ ಅಂತ ಗೊತ್ತಿದ್ದೂ ಬೆಳಿಗ್ಗೆ ಚಾ ಕುಡಿಯುವಾಗ ಒಮ್ಮೆ, ಗಂಜಿ ಊಟಕ್ಕೆ ಕೂತಾಗ ಒಮ್ಮೆ. ಜೂನ್ ಒಂದರಿಂದ ಯಾಂತ್ರಿಕ ಬೋಟಿನ ಮೀನುಗಾರಿಕೆ ಬಂದ್. ಗಂಜಿಗೆ ಒಣ ಮೀನೇ.

ಜುಲೈ 3, ಹದಿಮೂರನೇ ದಿನ, ರಾತ್ರಿ. ಸ್ಟೇಟಸ್ ಬದಲಾಗಿತ್ತು. ಆರ್‌ಎಫ್‌ಇ. ಅಂದರೆ ಇನ್ನೂ ಪುರಾವೆ ತನ್ನಿ.

ಕಾರಣ ನನ್ನ ಮೆಕ್ಯಾನಿಕಲ್ ಡಿಗ್ರಿ. ಈ ವೀಸಾ ಇರುವುದು ವಿಶೇಷ ಪರಿಣತಿಯ ಕೆಲಸಕ್ಕೆ. ಕೆಲಸಕ್ಕೂ ಓದಿಗೂ ಸಂಬಂಧ ಇರಬೇಕು. ಯಂತ್ರ ಓದಿದವನು ಡೇಟಾ ಕೆಲಸಕ್ಕೆ ಹೇಗೆ? "ನಾಲ್ಕು ವರ್ಷದಿಂದ ಇದೇ ಕೆಲಸ ಮಾಡಿದ್ದೇನೆ, ಎರಡು ಸಲ ಮಂಜೂರು ಮಾಡಿದ್ದಾರಲ್ಲ" ಎಂದು ವಕೀಲರ ಹತ್ತಿರ ಕೂಗಾಡಿದೆ. ಅವರು ತಣ್ಣಗೆ, "ಅದು ಬೇರೆ ಕಂಪನಿ, ಬೇರೆ ಅರ್ಜಿ. ಇದು ಹೊಸದು" ಎಂದರು. ಟ್ರಾನ್ಸ್‌ಫರ್ ಅನ್ನುವ ಶಬ್ದದ ಮೇಲೆ ನನಗೆ ಸಿಟ್ಟು ಬಂದದ್ದು ಆ ರಾತ್ರಿ.

ದಾರಿ ಇದೆ. ಮೂರು ವರ್ಷದ ಕೆಲಸವನ್ನು ಒಂದು ವರ್ಷದ ಓದಿಗೆ ಸಮ ಅಂತ ಲೆಕ್ಕ ಹಿಡಿಯುವ ಪದ್ಧತಿ ಇದೆ. ನನ್ನ ಡಿಗ್ರಿ ಮತ್ತು ಹತ್ತು ಹನ್ನೊಂದು ವರ್ಷದ ಅನುಭವ ಸೇರಿಸಿ, ಇದು ಕಂಪ್ಯೂಟರ್ ಡಿಗ್ರಿಗೆ ಸಮ ಅಂತ ಅಲ್ಲಿಯ ಒಬ್ಬ ಪ್ರೊಫೆಸರ್ ಬರೆದುಕೊಡಬೇಕು. ಅವರು ಬರೆಯಬೇಕಾದರೆ ಅನುಭವ ಪತ್ರ ಬೇಕು. "ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಇದ್ದರು, ಒಳ್ಳೆಯದಾಗಲಿ" ಅನ್ನುವ ಎರಡು ಸಾಲಿನ ಪತ್ರ ಅಲ್ಲ. ಏನು ಕೆಲಸ, ಯಾವ ತಂತ್ರಾಂಶ, ಕೈಕೆಳಗೆ ಎಷ್ಟು ಜನ, ಪೂರ್ತಿ ಬರೆದದ್ದು.

ಬೆಂಗಳೂರಿನ ಮೊದಲ ಕಂಪನಿಯೇ ಈಗ ಇಲ್ಲ, ಮುಚ್ಚಿದೆ. ಎರಡನೆಯದು ಮೂರು ದಿನದಲ್ಲಿ ಕೊಟ್ಟಿತು, ದೇವರು ಒಳ್ಳೆಯದು ಮಾಡಲಿ. ಅಮೆರಿಕದ ಕನ್ಸಲ್ಟೆನ್ಸಿಗೆ ಮೇಲ್ ಹಾಕಿದೆ. ಉತ್ತರವಿಲ್ಲ. ಮತ್ತೆ ಹಾಕಿದೆ. ಆಗ ಉತ್ತರ ಬಂತು. ಅನುಭವ ಪತ್ರ ಅಲ್ಲ, ನೋಟಿಸು. ಒಪ್ಪಂದದ ಅವಧಿಗೆ ಮುಂಚೆ ಬಿಡುತ್ತಿರುವುದರಿಂದ 8,000 ಡಾಲರ್ ಕಟ್ಟಬೇಕಂತೆ. ಮೇ ತಿಂಗಳ ಹದಿನೈದು ದಿನದ ಸಂಬಳ ತಡೆಹಿಡಿದಿದ್ದಾರಂತೆ.

ಅವತ್ತು ಊಟ ಸೇರಲಿಲ್ಲ. ನಾನು ಬಿಟ್ಟೆನೋ, ಅವರು ಬಿಟ್ಟರೋ? ಮತ್ತೆ ಅದೇ 200 ಡಾಲರಿನ ವಕೀಲರಿಗೇ ಫೋನ್. ಹೊಸ ಕಂಪನಿಯ ವಕೀಲರು ಕಂಪನಿಯ ವಕೀಲರು, ನನ್ನವರಲ್ಲ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಇವರು ಹೇಳಿದ್ದು: ಬೇಗ ಬಿಟ್ಟದ್ದಕ್ಕೆ ದಂಡ ಹಾಕುವುದು ಕಾನೂನಿನಲ್ಲಿ ಇಲ್ಲ. ನಿಜವಾಗಿ ಆದ ನಷ್ಟದ ಅಂದಾಜು ಅಂತ ಒಪ್ಪಂದದಲ್ಲಿ ಮೊದಲೇ ಬರೆದುಕೊಂಡದ್ದು ಕೆಲವು ಕಡೆ ನಿಲ್ಲಬಹುದು, ಆದರೆ ನಿನ್ನ ಒಪ್ಪಂದದಲ್ಲಿ "ದಂಡ" ಎಂಬ ಶಬ್ದವನ್ನೇ ಬರೆದಿದ್ದಾರೆ. ಸಂಬಳದ ವಿಷಯಕ್ಕೆ ಕಾರ್ಮಿಕ ಇಲಾಖೆಗೆ ದೂರು ಕೊಡಲು ಡಬ್ಲ್ಯೂಎಚ್-4 ಅಂತ ಫಾರಂ ಇದೆ. 12 ತಿಂಗಳೊಳಗೆ ಕೊಡಬೇಕು. ತುಂಬಿಸು, ಪ್ರತಿಯನ್ನು ಅವರಿಗೆ ಕಳಿಸು.

ತುಂಬಿಸಿ ಕಳಿಸಿದೆ. ನಾಲ್ಕನೇ ದಿನ ಹದಿನೈದು ದಿನದ ಸಂಬಳ ಖಾತೆಗೆ ಬಂತು. 8,000ದ ಮಾತು ಮತ್ತೆ ಬರಲಿಲ್ಲ. ಅನುಭವ ಪತ್ರವೂ ಬರಲಿಲ್ಲ.

ಅದಕ್ಕೆ ಏನು ಮಾಡುವುದು? ಕಂಪನಿ ಕೊಡದಿದ್ದರೆ ಜೊತೆಗೆ ಕೆಲಸ ಮಾಡಿದವರು ಪ್ರಮಾಣಪತ್ರ ಬರೆದುಕೊಟ್ಟರೂ ನಡೆಯುತ್ತದೆ ಎಂದರು ಕಂಪನಿಯ ವಕೀಲರು. ನಾನು ಇಂತಿಂಥವನು, ಇವನ ಜೊತೆ ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ, ನನ್ನ ಕಣ್ಣಾರೆ ನೋಡಿದ್ದೇನೆ ಅಂತ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ನಗಲು ಶುರು ಮಾಡಿದರು. "ಅಜ್ಜಂದೂ ಹಾಂಗೇ ಆದದ್ದು! ರಶೀದಿ ಇಲ್ಲ. ಕಡೆಗೆ ಪಕ್ಕದ ಗದ್ದೆ ಮೂರು ಜನ ಬಂದು, ಹೌದು, ಈ ಗದ್ದೆ ಇವನೇ ಉಳೂದು, ನಾವು ನೋಡಿದ್ದೇವೆ ಅಂತ ಮಂಡಳಿ ಎದುರು ಹೇಳಿದ್ರು. ಅಮೆರಿಕದಲ್ಲೂ ಪಕ್ಕದ ಗದ್ದೆಯವರೇ ಬೇಕಾಯ್ತಾ?"

ನನ್ನ ಪಕ್ಕದ ಗದ್ದೆಯವರು ಇಬ್ಬರು ಸಿಕ್ಕಿದರು. ಒಬ್ಬ ವಿಜಯವಾಡದವನು, ಮೂರು ವರ್ಷ ನನ್ನ ಎದುರಿನ ಮೇಜಿನಲ್ಲಿ ಕೂತವನು. ಅದೇ ಕನ್ಸಲ್ಟೆನ್ಸಿಯಲ್ಲಿ ಇನ್ನೂ ಇದ್ದ. ಬರೆದುಕೊಟ್ಟರೆ ಅವನಿಗೆ ತೊಂದರೆ ಆಗಬಹುದಿತ್ತು. "ಆಗಲಿ ಬಿಡು" ಎಂದು ಬರೆದುಕೊಟ್ಟ, ನೋಟರಿ ಮಾಡಿಸಿ. ಇನ್ನೊಬ್ಬರು ಬೆಂಗಳೂರಿನ ಮುಚ್ಚಿದ ಕಂಪನಿಯ ನನ್ನ ಆಗಿನ ಮ್ಯಾನೇಜರ್. ಈಗ ದಾವಣಗೆರೆಯಲ್ಲಿ ಅಂಗಡಿ ಇಟ್ಟಿದ್ದಾರೆ. ಅವರ ಪತ್ರದ ಜೊತೆಗೆ ಆಯಿಯ ಟ್ರಂಕಿನ ಆಫರ್ ಲೆಟರು, ಫಾರಂ 16 ಸೇರಿಸಿದೆವು. ನಾನು ಆ ಕಂಪನಿಯಲ್ಲಿ ಇದ್ದೆ ಅನ್ನುವುದಕ್ಕೆ ಬೇರೆ ಕಾಗದವೇ ಇರಲಿಲ್ಲ.

ಸ್ಕ್ಯಾನ್ ಮಾಡಿಸಲು ಕುಮಟಾ ಪೇಟೆಗೆ ಹೋದ ದಿನ ಮಳೆ ಅಂದರೆ ಮಳೆ. ಜುಲೈನಲ್ಲಿ ಬಾಕಿ ಎಲ್ಲ ತೀರಿಸುವ ಹಾಗೆ ಹೊಡೆಯಿತು. ಎಂಟು ಮಾರ್ಕ್ಸ್ ಕಾರ್ಡು ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ರೇನ್‌ಕೋಟು. ಝೆರಾಕ್ಸ್ ಅಂಗಡಿಯ ಹುಡುಗ ಒಂದೊಂದೇ ಹಾಳೆ ಗಾಜಿನ ಮೇಲೆ ಇಡುತ್ತ, "ನಾಲ್ಕನೇ ಸೆಮ್‌ನಲ್ಲಿ ಒಂದು ಹೋಗಿತ್ತಾ ಸರ್?" ಎಂದ. ಹೋಗಿತ್ತು. ಅಮೆರಿಕ ಸರ್ಕಾರ ಕೂಡ ಅದನ್ನು ಕೇಳಿರಲಿಲ್ಲ.

ಜುಲೈ 14ಕ್ಕೆ ಉತ್ತರ ಹೋಯಿತು. ಉತ್ತರ ತಲುಪಿದ ಮೇಲೆ 15 ದಿನದ ಗಡಿಯಾರ ಮತ್ತೆ ಹೊಸದಾಗಿ ಶುರುವಾಗುತ್ತದೆ. ಜುಲೈ 24ರ ಮಧ್ಯರಾತ್ರಿ ಕಳೆದ ಮೇಲೆ ವಕೀಲರ ಮೇಲ್ ಬಂತು. ಮಂಜೂರು. ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಹೋಗಿ ಅಪ್ಪನನ್ನು ಎಬ್ಬಿಸಿದೆ. "ಅಡ್ಡಿಲ್ಲ" ಎಂದು ಮಗ್ಗುಲು ಬದಲಿಸಿದರು. ಅವರ ಕಗ್ಗ ಆಗಲೇ ಗೇಣುದ್ದ ಎದ್ದಿತ್ತು.

ಮೂಲ ಕಾಗದವನ್ನು ಅಲ್ಲಿಂದ ಕೊರಿಯರ್ ಮಾಡಿದರು. ಆಗಸ್ಟ್ 2ಕ್ಕೆ ಫೋನ್. "ಸರ್, ಅಮೆರಿಕದಿಂದ ಎಂತದೋ ಲಕೋಟೆ ಬಂದದೆ. ನಿಮ್ಮೂರಿಗೆ ನಮ್ಮ ಗಾಡಿ ಬರೂದಿಲ್ಲ. ಬಂದು ತಕಂಡು ಹೋಗ್ತ್ರಾ?" ಹೋದೆ. ಮೇಜಿನ ಮೇಲೆ ಯಾರದೋ ಮಿಕ್ಸರ್ ಡಬ್ಬಿಯ ಕೆಳಗೆ ನನ್ನ ಲಕೋಟೆ. ಅದರ ಒಂದು ಮೂಲೆ ಒದ್ದೆ. ಅಲ್ಲೇ ನಿಂತು ಒಡೆದೆ. ಐ-797 ಒಣಗಿತ್ತು. ಕಂಪನಿಯ ಹೆಸರು, ನನ್ನ ಹೆಸರು, ತಾರೀಖು ಮೂರನ್ನೂ ಎರಡು ಸಲ ಓದಿದೆ. ಸೆಪ್ಟೆಂಬರ್ 2025. ನಾನು ಊರಲ್ಲಿ ಕಳೆದ ದಿನಗಳನ್ನು ಆರು ವರ್ಷದ ಲೆಕ್ಕದಿಂದ ವಾಪಸು ಕೇಳಬಹುದು, ಅದನ್ನು ಮುಂದೆ ನೋಡೋಣ ಎಂದಿದ್ದರು ವಕೀಲರು.

ಟಿಕೆಟ್ ತೆಗೆಯಬೇಕು ಎಂದರೆ ಆಯಿ ಬಿಡಲಿಲ್ಲ. ಆ ವರ್ಷ ಅಧಿಕ ಶ್ರಾವಣ, ಆಗಸ್ಟ್ 16ರ ತನಕ. ಅಧಿಕ ಮಾಸದಲ್ಲಿ ಹೊಸ ಕೆಲಸಕ್ಕೆ ಹೊರಡುವುದುಂಟಾ? ಹೊಸ ಕಂಪನಿಗೆ 21ನೇ ತಾರೀಖು, ಸೋಮವಾರ ಸೇರುತ್ತೇನೆ ಎಂದು ಬರೆದೆ. ಕಾರಣ ಬರೆಯಲಿಲ್ಲ. ಅವರೂ ಕೇಳಲಿಲ್ಲ.

17ಕ್ಕೆ ಕುಮಟಾ ಸ್ಟೇಷನ್ನಿನಲ್ಲಿ ಮತ್ಸ್ಯಗಂಧಾ ಹತ್ತಿದೆ. ಮುಂಬಯಿ, ಅಲ್ಲಿಂದ ಅಬುಧಾಬಿ, ಅಲ್ಲಿಂದ ಶಿಕಾಗೋ. ಅಬುಧಾಬಿಯ ದಾರಿ ಬೇಕೆಂದೇ ಹಿಡಿದದ್ದು. ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. ಬೇಡ ಅಂದರೆ ಅರ್ಧ ದಾರಿಯಿಂದ ವಾಪಸು ಬರಬಹುದು, ಅಷ್ಟೇ ನನ್ನ ಲೆಕ್ಕ. ಧೈರ್ಯದ ಲೆಕ್ಕ ಅಲ್ಲ.

ಪಾಸ್‌ಪೋರ್ಟಿನ ಸ್ಟಾಂಪಿನ ಮೇಲೆ ಹಳೆ ಕಂಪನಿಯ ಹೆಸರು ಅಚ್ಚಾಗಿದೆ. ಸ್ಟಾಂಪಿನ ಅವಧಿ ಇದ್ದರೆ ಹೊಸ ಕಂಪನಿಯ ಐ-797 ತೋರಿಸಿ ಹೋಗಬಹುದು, ಮತ್ತೆ ಸ್ಟಾಂಪಿಂಗ್ ಬೇಡ. ನಿಯಮ ಅದು. ನಿಯಮ ಗೊತ್ತಿದ್ದರೂ ಸಾಲಿನಲ್ಲಿ ನಿಂತಾಗ ಅಂಗೈ ಬೆವರುತ್ತಿತ್ತು. 2025ರ ಸೆಪ್ಟೆಂಬರಿನಿಂದ, ಸ್ಟಾಂಪ್ ಇಲ್ಲದೆ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಎಂದಾದ ಮೇಲೆ ನನಗೆ ಆ ಏಪ್ರಿಲ್ ತಿಂಗಳ ಡ್ರಾಪ್‌ಬಾಕ್ಸ್ ನೆನಪಾಗುತ್ತದೆ. ಮದುವೆ ಗಡಿಬಿಡಿಯಲ್ಲಿ, ಮುಂದಿನ ಸಲ ಮಾಡಿಸಿದರಾಯ್ತು ಅಂತ ಬಿಡುವವನಿದ್ದೆ.

ಅಧಿಕಾರಿ ಸ್ಟಾಂಪ್ ನೋಡಿದ. "ಈ ಕಂಪನಿಯಲ್ಲಿದ್ದೀಯಾ?"

"ಇಲ್ಲ. ಬದಲಾಗಿದೆ."

"ಕಾಗದ?"

ಬ್ಯಾಗಿನಿಂದ ಆಯಿಯ ಪ್ಲಾಸ್ಟಿಕ್ ಕವರು ತೆಗೆದೆ. ಅಜ್ಜನ ಫಾರಂ ಒಂದನ್ನು ಟ್ರಂಕಿನಲ್ಲೇ ಬಿಟ್ಟು, ಉಳಿದದ್ದೆಲ್ಲ ಅದರಲ್ಲೇ ಹಾಕಿ ಕೊಟ್ಟಿದ್ದಳು. ಬಿಚ್ಚಿದ ಕೂಡಲೇ ಡಾಂಬರ್ ಗುಳಿಗೆಯ ವಾಸನೆ ಗಾಜಿನ ಆಚೆಗೂ ಹೋಯಿತು. ಅವನು ಮೂಗು ಸ್ವಲ್ಪ ಹಿಂದೆ ಎಳೆದುಕೊಂಡ. ಐ-797 ತೆಗೆದುಕೊಂಡು ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಒಂದು ಗುಳಿಗೆ ಉರುಳಿ ಕೌಂಟರಿನ ಮೇಲೆ ನಿಂತಿತು. ಇಬ್ಬರೂ ಅದನ್ನೇ ನೋಡಿದೆವು. ನಾನು ತಟ್ಟನೆ ಎತ್ತಿ ಜೇಬಿಗೆ ಹಾಕಿಕೊಂಡೆ.

"ಅದೇನು?"

"ಹುಳ ಬರಬಾರದು ಅಂತ. ನನ್ನ ತಾಯಿ ಇಟ್ಟದ್ದು."

ನಗಲಿಲ್ಲ. ಕಾಗದ ವಾಪಸು ಕೊಟ್ಟು, ಮುಂದೆ ಹೋಗು ಎಂದು ಕೈ ಮಾಡಿದ.

ಶಿಕಾಗೋದಲ್ಲಿ ಇಳಿದ ಕೂಡಲೇ ಮಾಡಿದ್ದು ವೆಬ್‌ಸೈಟಿನಲ್ಲಿ ಐ-94 ತೆಗೆದು ತಾರೀಖು ನೋಡಿದ್ದು. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಅಷ್ಟಕ್ಕೇ ಕತ್ತರಿಸಿ ಬಿಡುತ್ತಾರೆ. ನನ್ನದು ಸರಿ ಇತ್ತು. ಪ್ಲೇನೋದಲ್ಲಿ ಕಾರಿನ ಬ್ಯಾಟರಿ ಸತ್ತಿತ್ತು, ನಾಲ್ಕು ತಿಂಗಳ ಬಾಡಿಗೆ ರೂಮ್‌ಮೇಟ್ ಕಟ್ಟಿದ್ದ. ಸೋಮವಾರ ಹೊಸ ಆಫೀಸಿಗೆ ಹೋದೆ.

ವಿಜಯವಾಡದ ಗೆಳೆಯ ಮರುವರ್ಷ ತಾನೂ ಆ ಕನ್ಸಲ್ಟೆನ್ಸಿ ಬಿಟ್ಟ. ಅವನ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಿದೆ, ಒಂದು ಮಧ್ಯಾಹ್ನ ಆಫೀಸಿನ ಹತ್ತಿರದ ಬ್ಯಾಂಕಿನಲ್ಲಿ, ನೋಟರಿಯ ಎದುರು. ನನ್ನ ಅನುಭವ ಪತ್ರ ಇವತ್ತಿಗೂ ಬಂದಿಲ್ಲ.